ಬಿಚ್ಚಿ ಜೋಡಿಸಿದ ಅಂಬಾಸಡರ್ ಎಂಜಿನ್‌ಗೆ ಇಗ್ನಿಷನ್ ಟೈಮಿಂಗ್ ಇಡುವ ಕ್ರಮ

ಎಂಜಿನ್ ಬಿಚ್ಚಿ, ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್, ಬೇರಿಂಗ್‌ಗಳನ್ನು ಹಾಕಿ ಮತ್ತೆ ಗಾಡಿಗೆ ಕೂರಿಸಿದ ಮೇಲೆ ಉಳಿಯುವ ಕೆಲಸಗಳಲ್ಲಿ ಇಗ್ನಿಷನ್ ಟೈಮಿಂಗ್ ಇಡುವುದು, ಅಂದರೆ ಪ್ಲಗ್‌ನಲ್ಲಿ ಕಿಡಿ ಹಾರುವ ಕ್ಷಣವನ್ನು ಪಿಸ್ಟನ್ನಿನ ಚಲನೆಗೆ ಹೊಂದಿಸುವುದು, ಅತ್ಯಂತ ಸೂಕ್ಷ್ಮವಾದದ್ದು. ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾಡದಲ್ಲಿ ತಯಾರಿಸುತ್ತಿದ್ದ ಅಂಬಾಸಡರ್‌ನಲ್ಲಿ ದಶಕಗಳ ಕಾಲ ಇದ್ದದ್ದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ (ಬಿಎಂಸಿ) ಬಿ-ಸೀರೀಸ್ ವಂಶದ 1489 ಸಿಸಿ ಪೆಟ್ರೋಲ್ ಎಂಜಿನ್. ಆ ಗಾಡಿಯ ತಯಾರಿಕೆ 2014ರಲ್ಲಿ ನಿಂತಿತಾದರೂ ಈ ಎಂಜಿನ್ನನ್ನು ಪ್ರೀತಿಯಿಂದ ಉಳಿಸಿಕೊಂಡವರು ನಮ್ಮಲ್ಲಿ ಸಾಕಷ್ಟು ಮಂದಿ ಇದ್ದಾರೆ. ಈ ಬರಹ ಪಾಯಿಂಟ್ (ತೆರೆದಾಗ ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್ಚು) ಮತ್ತು ಕಂಡೆನ್ಸರ್ ಇರುವ ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಸರದಿಯಂತೆ ಪ್ಲಗ್‌ಗಳಿಗೆ ಹಂಚುವ ಭಾಗ) ಹೊಂದಿರುವ ಆ 1489 ಸಿಸಿ ಎಂಜಿನ್‌ಗೆ ಸಂಬಂಧಿಸಿದ್ದು. 1990ರ ದಶಕದಲ್ಲಿ ಬಂದ ಇಸುಜು ಎಂಜಿನ್‌ಗೆ ಇಲ್ಲಿನ ಅಂಕಿಗಳು ಅನ್ವಯಿಸುವುದಿಲ್ಲ.

ಓಡುತ್ತಿರುವ ಗಾಡಿಯ ಟೈಮಿಂಗ್ ಸರಿಪಡಿಸುವುದಕ್ಕೂ ಬಿಚ್ಚಿ ಜೋಡಿಸಿದ ಎಂಜಿನ್‌ಗೆ ಹೊಸದಾಗಿ ಟೈಮಿಂಗ್ ಇಡುವುದಕ್ಕೂ ದೊಡ್ಡ ವ್ಯತ್ಯಾಸವಿದೆ. ಓಡುತ್ತಿರುವ ಗಾಡಿಯಲ್ಲಿ ಪುಲ್ಲಿಯ ಗುರುತು, ಟೈಮಿಂಗ್ ಚೈನ್, ಡಿಸ್ಟ್ರಿಬ್ಯೂಟರ್‌ನ ಡ್ರೈವ್ ಎಲ್ಲವೂ ಸರಿಯಿವೆ ಎಂದು ಭಾವಿಸಿ ಮುಂದುವರಿಯಬಹುದು. ಜೋಡಿಸಿದ ಎಂಜಿನ್‌ನಲ್ಲಿ ಹಾಗೆ ಭಾವಿಸಲು ಯಾವ ಆಧಾರವೂ ಇಲ್ಲ. ಒಂದು ಎಂಜಿನ್‌ನ ಪುಲ್ಲಿ, ಇನ್ನೊಂದರ ಟೈಮಿಂಗ್ ಕವರ್, ಗುಜರಿಯಿಂದ ತಂದ ಮತ್ತೊಂದರ ಡಿಸ್ಟ್ರಿಬ್ಯೂಟರ್ ಸೇರಿ ಒಂದು ಎಂಜಿನ್ ಆಗಿರುವುದು ಈ ಗಾಡಿಗಳಲ್ಲಿ ಸಾಮಾನ್ಯ. ಆದ್ದರಿಂದ ಎಂಜಿನ್ ಮೇಲಿರುವ ಪ್ರತಿಯೊಂದು ಗುರುತನ್ನೂ ನಾವೇ ಪರೀಕ್ಷಿಸಿ ಖಚಿತಪಡಿಸಿಕೊಳ್ಳುವವರೆಗೆ ನಂಬಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಮುಂದೆ ಹೇಳುವ ಕ್ರಮವೆಲ್ಲ ಅದನ್ನೇ ಅನುಸರಿಸಿದೆ.

ಅಡ್ವಾನ್ಸ್ ಏಕೆ ಬೇಕು

ಪ್ಲಗ್‌ನಲ್ಲಿ ಕಿಡಿ ಹಾರಿದ ಕ್ಷಣಕ್ಕೇ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಪೂರ್ತಿ ಉರಿದುಬಿಡುವುದಿಲ್ಲ. ಉರಿ ಹಬ್ಬಿ ಒತ್ತಡ ಏರಲು ಸ್ವಲ್ಪ ಸಮಯ ಬೇಕು. ಪಿಸ್ಟನ್ ತುದಿ ಮುಟ್ಟಿ ಕೆಳಗಿಳಿಯಲು ತೊಡಗಿದ ಕೂಡಲೇ ಒತ್ತಡವು ಗರಿಷ್ಠ ಮಟ್ಟಕ್ಕೆ ಬರಬೇಕಾದ್ದರಿಂದ ಕಿಡಿಯನ್ನು ಪಿಸ್ಟನ್ ತೀರಾ ಮೇಲೆ ಬಂದು ನಿಲ್ಲುವ ಟಾಪ್ ಡೆಡ್ ಸೆಂಟರ್‌ಗೆ, ಅಂದರೆ ಟಿಡಿಸಿಗೆ, ಕೆಲವು ಡಿಗ್ರಿ ಮುಂಚೆಯೇ ಕೊಡಬೇಕಾಗುತ್ತದೆ. ಇದೇ ಅಡ್ವಾನ್ಸ್. ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುವಾಗ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಕ್ರ್ಯಾಂಕ್ 3.6 ಡಿಗ್ರಿ ಸರಿಯುತ್ತದೆ. 3000 ಸುತ್ತಿನಲ್ಲಿ ಅಷ್ಟೇ ಸಮಯದಲ್ಲಿ 18 ಡಿಗ್ರಿ ಸರಿದುಹೋಗಿರುತ್ತದೆ. ವೇಗ ಹೆಚ್ಚಿದಂತೆ ಕಿಡಿಯನ್ನು ಇನ್ನಷ್ಟು ಮುಂಚಿತವಾಗಿ ಕೊಡಲು ಡಿಸ್ಟ್ರಿಬ್ಯೂಟರ್ ಒಳಗೆ ತೂಕದ ತುಂಡುಗಳೂ ಸ್ಪ್ರಿಂಗ್‌ಗಳೂ ಇವೆ. ಎಂಜಿನ್ ಮೇಲೆ ಭಾರ ಕಡಿಮೆ ಇರುವಾಗ ವ್ಯಾಕ್ಯೂಮ್ ಡಬ್ಬಿಯು ಇನ್ನೂ ಸ್ವಲ್ಪ ಅಡ್ವಾನ್ಸ್ ಸೇರಿಸುತ್ತದೆ. ನಾವು ಕೈಯಿಂದ ಇಡುವುದು ಇವೆಲ್ಲಕ್ಕೂ ಆಧಾರವಾದ ಮೊದಲ ಅಂಕಿಯನ್ನು ಮಾತ್ರ.

ಜೋಡಿಸಿದ ಎಂಜಿನ್‌ನಲ್ಲಿ ಈ ಮೊದಲ ಅಂಕಿ ಸ್ಟಾರ್ಟ್ ಮಾಡುವ ಮೊದಲೇ ಸರಿಯಾಗಿರಬೇಕಾದುದಕ್ಕೆ ಬಲವಾದ ಕಾರಣವಿದೆ. ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟನ್ನೂ ಅದರ ಮೇಲೆ ಕೂರುವ ಫಾಲೋವರ್‌ಗಳನ್ನೂ ಹೊಸದಾಗಿ ಹಾಕಿದ್ದರೆ, ಎಂಜಿನ್ ಹಿಡಿದ ಕೂಡಲೇ ವೇಗವನ್ನು 1500ರಿಂದ 2000 ಸುತ್ತಿಗೆ ಏರಿಸಿ ಸುಮಾರು 20 ನಿಮಿಷ ಹಾಗೆಯೇ ಓಡಿಸಬೇಕು. ಆಗ ಮಾತ್ರ ಆ ಎರಡರ ಮೇಲ್ಮೈಗಳು ಒಂದಕ್ಕೊಂದು ಸರಿಯಾಗಿ ಹೊಂದಿಕೊಳ್ಳುತ್ತವೆ. ಟೈಮಿಂಗ್ ತಪ್ಪಿದ ಎಂಜಿನ್ನನ್ನು ಸ್ಟಾರ್ಟರ್‌ನಿಂದ ಮತ್ತೆ ಮತ್ತೆ ತಿರುಗಿಸುತ್ತಾ ಹೋದರೆ ಜೋಡಿಸುವಾಗ ಹಚ್ಚಿದ ಎಣ್ಣೆ ಒರೆಸಿಹೋಗಿ, ಎಂಜಿನ್ ಹಿಡಿಯುವ ಮೊದಲೇ ಕ್ಯಾಮ್ ಸವೆಯಲು ಆರಂಭಿಸುತ್ತದೆ.

ನಿಜವಾದ ಟಿಡಿಸಿ ಕಂಡುಕೊಳ್ಳುವುದು

ಈ ಎಂಜಿನ್‌ನ ಕ್ರ್ಯಾಂಕ್ ಪುಲ್ಲಿಯ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ, ಟೈಮಿಂಗ್ ಕವರ್ ಮೇಲೆ ಹಲ್ಲಿನಂತಹ ಮೊನೆಗಳಿರುತ್ತವೆ. ಉದ್ದವಾದ ಮೊನೆ ಟಿಡಿಸಿಯನ್ನೂ ಉಳಿದವು ಟಿಡಿಸಿಗೆ ಮುಂಚಿನ 5 ಮತ್ತು 10 ಡಿಗ್ರಿಯನ್ನೂ ಸೂಚಿಸುತ್ತವೆ. ಹಳೆಯ ಕವರ್‌ಗಳಲ್ಲಿ ಈ ಮೊನೆಗಳು ಕೆಳಭಾಗದಲ್ಲಿರುವುದರಿಂದ ಮೇಲಿನಿಂದ ಕಾಣಿಸುವುದಿಲ್ಲ. ಗಾಡಿಯ ಕೆಳಗೆ ಮಲಗಿ ನೋಡಬೇಕು, ಇಲ್ಲವೇ ಕನ್ನಡಿ ಹಿಡಿಯಬೇಕು. ಪುಲ್ಲಿಯಾಗಲಿ ಕವರ್ ಆಗಲಿ ಬದಲಾಗಿದ್ದರೆ, ಅಥವಾ ಪುಲ್ಲಿಯಲ್ಲಿ ರಬ್ಬರ್ ಪದರವಿದ್ದು ಹೊರಬಳೆ ಜಾರಿದ್ದರೆ, ಈ ಗುರುತು ಸುಳ್ಳು ಹೇಳುತ್ತದೆ.

ಪರೀಕ್ಷಿಸುವ ವಿಧಾನ ಸರಳ. ಒಂದು ಹಳೆಯ ಪ್ಲಗ್‌ನ ಪಿಂಗಾಣಿಯನ್ನು ಒಡೆದು ತೆಗೆದು, ಉಳಿದ ಕಬ್ಬಿಣದ ಭಾಗದೊಳಗೆ ತುದಿ ಉರುಟಾಗಿಸಿದ ಒಂದು ಬೋಲ್ಟನ್ನು ಭದ್ರವಾಗಿ ಕೂರಿಸಿದರೆ ಪಿಸ್ಟನ್ ತಡೆಯುವ ಸಾಧನ ಸಿದ್ಧವಾಗುತ್ತದೆ. ನಾಲ್ಕೂ ಪ್ಲಗ್ ತೆಗೆದು, ಬ್ಯಾಟರಿಯ ಸಂಪರ್ಕ ತಪ್ಪಿಸಿ, ಪಿಸ್ಟನ್ ಕೆಳಗಿರುವಾಗ ಈ ಸಾಧನವನ್ನು ಒಂದನೇ ಸಿಲಿಂಡರಿಗೆ, ಅಂದರೆ ರೇಡಿಯೇಟರ್ ಪಕ್ಕದ ಸಿಲಿಂಡರಿಗೆ ತಿರುಗಿಸಿ ಹಾಕಬೇಕು. ಎಂಜಿನ್ನನ್ನು ಹ್ಯಾಂಡಲ್‌ನಿಂದ ಅಥವಾ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ನಿಧಾನವಾಗಿ ತಿರುಗಿಸಿ, ಪಿಸ್ಟನ್ ಬೋಲ್ಟನ್ನು ಮೆಲ್ಲಗೆ ತಾಗಿ ನಿಂತಾಗ ಉದ್ದ ಮೊನೆಯ ಎದುರಿಗೆ ಪುಲ್ಲಿಯ ಮೇಲೆ ಒಂದು ಗೆರೆ ಎಳೆಯಬೇಕು. ಅನಂತರ ಹಿಮ್ಮುಖವಾಗಿ ತಿರುಗಿಸಿ, ಮತ್ತೆ ತಾಗಿ ನಿಂತಲ್ಲಿ ಅದೇ ಮೊನೆಯ ಎದುರಿಗೆ ಎರಡನೆಯ ಗೆರೆ ಎಳೆಯಬೇಕು. ಪುಲ್ಲಿಯ ಅಂಚಿನ ಮೇಲೆ ಈ ಎರಡು ಗೆರೆಗಳ ನಡುವಿನ ಸರಿಯಾದ ಮಧ್ಯಬಿಂದುವೇ ನಿಜವಾದ ಟಿಡಿಸಿ. ಕಂಪನಿಯ ಕಚ್ಚು ಅಲ್ಲಿಯೇ ಇದ್ದರೆ ಅದನ್ನು ನಂಬಬಹುದು. ಇಲ್ಲದಿದ್ದರೆ ಅದನ್ನು ಮರೆತು ಹೊಸ ಗುರುತನ್ನೇ ಬಳಸಬೇಕು. ಈ ಸಾಧನ ಒಳಗಿರುವಾಗ ಸ್ಟಾರ್ಟರ್ ಒತ್ತಿದರೆ ಹೊಸ ಪಿಸ್ಟನ್ ಒಡೆಯುತ್ತದೆ. ಬ್ಯಾಟರಿಯ ಸಂಪರ್ಕ ತಪ್ಪಿಸುವುದು ಅದಕ್ಕಾಗಿಯೇ.

ಡಿಗ್ರಿಯ ಗುರುತುಗಳನ್ನೂ ನಾವೇ ಹಾಕಿಕೊಳ್ಳಬಹುದು. ಪುಲ್ಲಿಯ ಸುತ್ತಳತೆಯನ್ನು ಕಾಗದದ ಪಟ್ಟಿಯಿಂದ ಅಳೆದು 360ರಿಂದ ಭಾಗಿಸಿದರೆ ಒಂದು ಡಿಗ್ರಿಯ ಅಗಲ ಸಿಗುತ್ತದೆ. ಸುತ್ತಳತೆ 450 ಮಿ.ಮೀ. ಇದೆ ಎಂದುಕೊಂಡರೆ ಒಂದು ಡಿಗ್ರಿಗೆ 1.25 ಮಿ.ಮೀ., 5 ಡಿಗ್ರಿಗೆ 6.25 ಮಿ.ಮೀ. ಆಗುತ್ತದೆ. ಎಂಜಿನ್ ಮುಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುವುದರಿಂದ, ಪುಲ್ಲಿಯ ಮೇಲೆ ಹಾಕುವ ಮುಂಚಿನ ಡಿಗ್ರಿಗಳ ಗೆರೆಗಳು ಟಿಡಿಸಿ ಗೆರೆಗಿಂತ ಮೊದಲು ಮೊನೆಯನ್ನು ದಾಟುವ ಪಕ್ಕದಲ್ಲಿರಬೇಕು. ಗೆರೆಗಳಿಗೆ ಬಿಳಿ ಬಣ್ಣ ಹಚ್ಚಿಡುವುದು ಮುಂದೆ ಉಪಯೋಗಕ್ಕೆ ಬರುತ್ತದೆ.

ಯಾವ ಸ್ಟ್ರೋಕ್, ಯಾವ ವಾಲ್ವ್

ಒಂದನೇ ಪಿಸ್ಟನ್ ಎರಡು ಸುತ್ತಿನಲ್ಲಿ ಎರಡು ಸಲ ಮೇಲೆ ಬರುತ್ತದೆ. ಅವುಗಳಲ್ಲಿ ಒಂದು ಮಾತ್ರ ಕಂಪ್ರೆಷನ್‌ನ ಕೊನೆ. ವಾಲ್ವ್‌ಗಳನ್ನು ಒತ್ತುವ ರಾಕರ್‌ಗಳ ಮೇಲಿನ ಕವರ್ ತೆಗೆದು ನೋಡಿದರೆ ಗೊಂದಲಕ್ಕೆ ಎಡೆಯಿರುವುದಿಲ್ಲ. ಎಂಟು ವಾಲ್ವ್‌ಗಳನ್ನು ಮುಂದಿನಿಂದ ಎಣಿಸಿದರೆ, ಒಂದನೇ ಸಿಲಿಂಡರ್ ಕಂಪ್ರೆಷನ್‌ನ ಟಿಡಿಸಿಯಲ್ಲಿರುವಾಗ ಮೊದಲ ಎರಡು ವಾಲ್ವ್‌ಗಳ ರಾಕರ್‌ಗಳು ಸಡಿಲವಾಗಿರುತ್ತವೆ, ನಾಲ್ಕನೇ ಸಿಲಿಂಡರಿನ 7 ಮತ್ತು 8ನೇ ವಾಲ್ವ್‌ಗಳು ಎರಡೂ ಸ್ವಲ್ಪ ಸ್ವಲ್ಪ ತೆರೆದುಕೊಂಡಿರುತ್ತವೆ. ಪುಲ್ಲಿಯನ್ನು ಟಿಡಿಸಿಯ ಆಚೆಗೂ ಈಚೆಗೂ ಸ್ವಲ್ಪ ಅಲುಗಿಸಿದರೆ ಆ ಎರಡು ರಾಕರ್‌ಗಳಲ್ಲಿ ಒಂದು ಏರುವುದೂ ಇನ್ನೊಂದು ಇಳಿಯುವುದೂ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಹೀಗೆ ಕಾಣದೆ, ಟಿಡಿಸಿಯಲ್ಲಿ ಒಂದು ವಾಲ್ವ್ ಪೂರ್ತಿ ಮುಚ್ಚಿ ಇನ್ನೊಂದು ಸಾಕಷ್ಟು ತೆರೆದಿದ್ದರೆ, ಟೈಮಿಂಗ್ ಚೈನನ್ನು ಹಲ್ಲು ತಪ್ಪಿಸಿ ಹಾಕಿರುವ ಸಾಧ್ಯತೆ ಇದೆ. ಆಗ ಕವರ್ ಬಿಚ್ಚಿ, ಎರಡೂ ಸ್ಪ್ರಾಕೆಟ್‌ಗಳ ಚುಕ್ಕೆಗಳು ಎದುರುಬದುರಾಗಿವೆಯೇ ಎಂದು ನೋಡಲೇಬೇಕು. ಚೈನ್ ತಪ್ಪಾಗಿರುವ ಎಂಜಿನ್ನನ್ನು ಡಿಸ್ಟ್ರಿಬ್ಯೂಟರ್ ತಿರುಗಿಸಿ ಸರಿಪಡಿಸಲು ಸಾಧ್ಯವಿಲ್ಲ.

ರಾಕರ್ ಕವರ್ ತೆಗೆದಿರುವಾಗಲೇ ಟ್ಯಾಪೆಟ್ ಗ್ಯಾಪನ್ನು, ಅಂದರೆ ರಾಕರ್ ಮತ್ತು ವಾಲ್ವ್ ನಡುವಿನ ಸಂದನ್ನು, ಸರಿಮಾಡಿಕೊಳ್ಳುವುದು ಒಳ್ಳೆಯದು. ಈ ಎಂಜಿನ್‌ಗೆ ಸಾಮಾನ್ಯವಾಗಿ ಇಡುವ ಗ್ಯಾಪ್ 0.015 ಇಂಚು, ಅಂದರೆ ಸುಮಾರು 0.38 ಮಿ.ಮೀ. ಪೂರ್ತಿ ತೆರೆದಿರುವ ವಾಲ್ವ್‌ನ ಸಂಖ್ಯೆಯನ್ನು 9ರಿಂದ ಕಳೆದಾಗ ಬರುವ ಸಂಖ್ಯೆಯ ವಾಲ್ವನ್ನು ಆ ಹೊತ್ತಿಗೆ ಸರಿಮಾಡಬೇಕು.

ಜೋಡಿಸುವಾಗ ಡಿಸ್ಟ್ರಿಬ್ಯೂಟರ್‌ನ ಡ್ರೈವ್ ಸ್ಪಿಂಡಲ್ ಹೊರತೆಗೆದಿದ್ದರೆ ಅದನ್ನು ಈಗ ಪರೀಕ್ಷಿಸಬೇಕು. ಅದರ ತಲೆಯಲ್ಲಿರುವ ಸೀಳು ನಡುವಿನಲ್ಲಿಲ್ಲ. ಒಂದು ಬದಿ ದೊಡ್ಡದು, ಇನ್ನೊಂದು ಚಿಕ್ಕದು. ಒಂದನೇ ಪಿಸ್ಟನ್ ಕಂಪ್ರೆಷನ್‌ನ ಟಿಡಿಸಿಯಲ್ಲಿರುವಾಗ, ಸೀಳು ಅಡ್ಡಗೆರೆಗಿಂತ ತುಸು ಕೆಳಗಿದ್ದು ದೊಡ್ಡ ಬದಿ ಮೇಲಿರುವಂತೆ ಸ್ಪಿಂಡಲನ್ನು ಒಳಗಿಳಿಸಿದರೆ, ಗಿಯರ್ ಕ್ಯಾಮ್‌ಶಾಫ್ಟಿಗೆ ಕಚ್ಚುತ್ತಾ ಎಡಕ್ಕೆ ತಿರುಗಿ ಸೀಳು ಸುಮಾರು ಒಂದು ಗಂಟೆಯ ಮುಳ್ಳಿನ ಸ್ಥಾನಕ್ಕೆ ಬಂದು ನಿಲ್ಲುತ್ತದೆ. ಸ್ಪಿಂಡಲನ್ನು ಹಿಡಿದು ಇಳಿಸಲು ಅದರ ತಲೆಯ ಮರೆಗೆ 5/16 ಇಂಚಿನ ಉದ್ದ ಬೋಲ್ಟ್ ತಿರುಗಿಸಿಕೊಂಡರೆ ಕೆಲಸ ಸುಲಭ. ಡ್ರೈವ್ ಅರ್ಧ ಸುತ್ತು ತಿರುಗಿ ಕೂತಿದ್ದರೆ ಡಿಸ್ಟ್ರಿಬ್ಯೂಟರ್‌ನೊಳಗೆ ತಿರುಗುವ ರೋಟರ್ ಒಂದನೇ ಪ್ಲಗ್‌ನ ಬದಲು ನಾಲ್ಕನೆಯದರ ಕಡೆಗೆ ತಿರುಗಿರುತ್ತದೆ. ವೈರ್‌ಗಳನ್ನು ಅದಲುಬದಲು ಮಾಡಿ ಗಾಡಿ ಓಡಿಸಬಹುದಾದರೂ ಮುಂದೆ ಕೈಹಾಕುವ ಮೆಕ್ಯಾನಿಕ್‌ಗೆ ಅದು ಗೊಂದಲ ಹುಟ್ಟಿಸುತ್ತದೆ. ಆದ್ದರಿಂದ ಡ್ರೈವನ್ನೇ ಸರಿಪಡಿಸುವುದು ಯೋಗ್ಯ.

ಮೊದಲು ಪಾಯಿಂಟ್, ಆಮೇಲೆ ಟೈಮಿಂಗ್

ಪಾಯಿಂಟ್ ಗ್ಯಾಪ್ ಬದಲಾದರೆ ಪಾಯಿಂಟ್ ತೆರೆಯುವ ಕ್ಷಣವೂ ಬದಲಾಗುತ್ತದೆ, ಅಂದರೆ ಟೈಮಿಂಗ್ ಬದಲಾಗುತ್ತದೆ. ಗ್ಯಾಪ್ ಹೆಚ್ಚಿದರೆ ಅಡ್ವಾನ್ಸ್, ಕಡಿಮೆಯಾದರೆ ರಿಟಾರ್ಡ್, ಅಂದರೆ ಕಿಡಿ ತಡವಾಗುವುದು. ಟೈಮಿಂಗ್ ಇಟ್ಟ ಮೇಲೆ ಗ್ಯಾಪ್ ಮುಟ್ಟುವವರು ತಾವು ಮಾಡಿದ ಕೆಲಸವನ್ನು ತಾವೇ ಕೆಡಿಸಿಕೊಳ್ಳುತ್ತಾರೆ.

ಹೊಸ ಪಾಯಿಂಟ್‌ಗಳ ಮೇಲೆ ತುಕ್ಕು ಹಿಡಿಯದಂತೆ ಹಚ್ಚಿದ ಎಣ್ಣೆಯ ಪದರ ಇರಬಹುದಾದ್ದರಿಂದ ಅವುಗಳನ್ನು ಪೆಟ್ರೋಲಿನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಒರೆಸಬೇಕು. ಪಾಯಿಂಟ್‌ನ ಫೈಬರ್ ಹಿಮ್ಮಡಿ ಡಿಸ್ಟ್ರಿಬ್ಯೂಟರ್ ಒಳಗಿನ ಕ್ಯಾಮ್‌ನ ಉಬ್ಬಿನ ನೆತ್ತಿಯ ಮೇಲೆ ಸರಿಯಾಗಿ ಕೂತಾಗ ಲೂಕಾಸ್ ಮಾದರಿಯ ಡಿಸ್ಟ್ರಿಬ್ಯೂಟರ್‌ಗೆ 0.014ರಿಂದ 0.016 ಇಂಚು, ಅಂದರೆ 0.36ರಿಂದ 0.40 ಮಿ.ಮೀ. ಗ್ಯಾಪ್ ಇಡಬೇಕು. ಫೀಲರ್ ಗೇಜ್ ಪಾಯಿಂಟ್‌ಗಳನ್ನು ದೂಡದೆ, ಎರಡೂ ಕಡೆ ಮೆಲ್ಲಗೆ ಉಜ್ಜುತ್ತಾ ಜಾರಬೇಕು. ಹಳೆಯ ಪಾಯಿಂಟ್‌ನಲ್ಲಿ ಒಂದು ಕಡೆ ಗುಳಿಯೂ ಇನ್ನೊಂದು ಕಡೆ ಮೊಳಕೆಯೂ ಇದ್ದರೆ ಗೇಜ್ ತೋರಿಸುವ ಅಳತೆ ನಿಜವಲ್ಲ. ಅಂತಹದನ್ನು ಉಪ್ಪುಕಾಗದದಿಂದ ಉಜ್ಜುವುದಕ್ಕಿಂತ ಬದಲಾಯಿಸುವುದು ಮೇಲು. ಡ್ವೆಲ್ ಮೀಟರ್ (ಪಾಯಿಂಟ್ ಮುಚ್ಚಿರುವ ಕೋನವನ್ನು ಅಳೆಯುವ ಸಾಧನ) ಇರುವವರು 60 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟುಕೊಳ್ಳಬಹುದು. ಡ್ವೆಲ್‌ನಲ್ಲಿ ಒಂದು ಡಿಗ್ರಿ ಬದಲಾದರೆ ಟೈಮಿಂಗ್‌ನಲ್ಲಿಯೂ ಕ್ರ್ಯಾಂಕಿನ ಒಂದು ಡಿಗ್ರಿ ಬದಲಾಗುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು.

ನಾಲ್ಕೂ ಉಬ್ಬುಗಳ ಮೇಲೆ ಗ್ಯಾಪ್ ಅಳೆದು ನೋಡಬೇಕು. ಒಂದೊಂದು ಉಬ್ಬಿನಲ್ಲಿ ಒಂದೊಂದು ಅಳತೆ ಬಂದರೆ, ಅಥವಾ ಕ್ಯಾಮ್ ಭಾಗವನ್ನು ಪಕ್ಕಕ್ಕೆ ಅಲುಗಿಸಿದಾಗ ಗ್ಯಾಪ್ ಬದಲಾದರೆ, ಡಿಸ್ಟ್ರಿಬ್ಯೂಟರ್‌ನ ಬುಷ್ ಸವೆದಿದೆ ಎಂದೇ ಅರ್ಥ. ಎಂಜಿನ್‌ಗೆ ಅಷ್ಟು ಹಣ ಹಾಕಿ ಸವೆದ ಡಿಸ್ಟ್ರಿಬ್ಯೂಟರನ್ನೇ ಮತ್ತೆ ಕೂರಿಸುವುದನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಲೇತ್‌ನಲ್ಲಿ ಹೊಸ ಬುಷ್ ಹಾಕಿಸುವುದು ಸಣ್ಣ ಕೆಲಸ. ರೋಟರನ್ನು ಅದು ತಿರುಗುವ ದಿಕ್ಕಿನಲ್ಲಿ ಬೆರಳಿನಿಂದ ತಿರುಚಿ ಬಿಟ್ಟರೆ ಸ್ಪ್ರಿಂಗ್‌ನಿಂದ ತಟ್ಟನೆ ಹಿಂದಕ್ಕೆ ಬರಬೇಕು. ವ್ಯಾಕ್ಯೂಮ್ ಪೈಪನ್ನು ಬಾಯಿಂದ ಎಳೆದಾಗ ಪಾಯಿಂಟ್ ಕೂತಿರುವ ತಟ್ಟೆ ಸರಿದು, ನಾಲಿಗೆಯಿಂದ ಪೈಪಿನ ಬಾಯಿ ಮುಚ್ಚಿದರೆ ಅಲ್ಲಿಯೇ ನಿಲ್ಲಬೇಕು. ನಿಲ್ಲದಿದ್ದರೆ ಡಬ್ಬಿಯೊಳಗಿನ ಪೊರೆ ಹರಿದಿದೆ.

ಬಲ್ಬ್ ಹಿಡಿದು ಟೈಮಿಂಗ್ ಇಡುವುದು

ಗಾಡಿಯ ಕೈಪಿಡಿಯಲ್ಲಿ ನಿಮ್ಮ ಎಂಜಿನ್‌ನ ಕಂಪ್ರೆಷನ್‌ಗೆ ಹೇಳಿರುವ ಅಂಕಿಯೇ ಮೊದಲ ಆಧಾರ. ಅದು ಕೈಗೆ ಸಿಗದಿದ್ದಲ್ಲಿ ಟಿಡಿಸಿಗೆ 5 ಡಿಗ್ರಿ ಮುಂಚೆ ಇಟ್ಟು ಆರಂಭಿಸುವುದು ಸುರಕ್ಷಿತ ಎಂದು ನಾನು ತಿಳಿದಿದ್ದೇನೆ.

ಎಂಜಿನ್ನನ್ನು ತಿರುಗುವ ದಿಕ್ಕಿನಲ್ಲಿಯೇ ತಿರುಗಿಸುತ್ತಾ ಒಂದನೇ ಸಿಲಿಂಡರಿನ ಕಂಪ್ರೆಷನ್ ಸ್ಟ್ರೋಕ್‌ನಲ್ಲಿ 5 ಡಿಗ್ರಿಯ ಗುರುತಿಗೆ ತಂದು ನಿಲ್ಲಿಸಬೇಕು. ಗುರುತು ದಾಟಿಹೋದರೆ ಅಷ್ಟನ್ನೇ ಹಿಂದಕ್ಕೆ ತಿರುಗಿಸಿ ನಿಲ್ಲಿಸಬಾರದು. ಕಾಲು ಸುತ್ತು ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬರಬೇಕು. ಚೈನ್ ಮತ್ತು ಗಿಯರ್‌ಗಳ ನಡುವಿನ ಸಡಿಲ ಎಂಜಿನ್ ಓಡುವಾಗ ಯಾವ ಬದಿಗೆ ಇರುತ್ತದೋ ಈಗಲೂ ಅದೇ ಬದಿಗೆ ಇರಬೇಕೆಂಬುದು ಇದರ ಉದ್ದೇಶ.

12 ವೋಲ್ಟಿನ ಒಂದು ಸಣ್ಣ ಬಲ್ಬಿಗೆ ಎರಡು ವೈರ್ ಬೆಸೆದು, ಒಂದನ್ನು ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಬರುವ ಸಣ್ಣ ವೈರಿನ ತುದಿಗೂ ಇನ್ನೊಂದನ್ನು ಎಂಜಿನ್‌ನ ಬಣ್ಣವಿಲ್ಲದ ಲೋಹಕ್ಕೂ ಸೇರಿಸಿ ಇಗ್ನಿಷನ್ ಆನ್ ಮಾಡಬೇಕು. ಪಾಯಿಂಟ್ ಮುಚ್ಚಿರುವಾಗ ಬಲ್ಬ್ ಆರಿರುತ್ತದೆ, ತೆರೆದ ಕ್ಷಣ ಹೊತ್ತಿಕೊಳ್ಳುತ್ತದೆ. ಡಿಸ್ಟ್ರಿಬ್ಯೂಟರ್‌ನ ಕ್ಲ್ಯಾಂಪ್ ಬೋಲ್ಟನ್ನು, ಕೈಯಿಂದ ಬಿಗಿಯಾಗಿ ತಿರುಗುವಷ್ಟು ಮಾತ್ರ ಸಡಿಲಿಸಿ, ಬಾಡಿಯನ್ನು ಮೊದಲು ರೋಟರ್ ತಿರುಗುವ ದಿಕ್ಕಿಗೆ, ಅಂದರೆ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಬಲ್ಬ್ ಆರುವವರೆಗೆ ತಿರುಗಿಸಬೇಕು. ಅನಂತರ ಒಂದು ಬೆರಳಿನಿಂದ ರೋಟರನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಮೆಲ್ಲಗೆ ಒತ್ತಿ ಹಿಡಿದು, ಬಾಡಿಯನ್ನೂ ಅದೇ ದಿಕ್ಕಿಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ತಿರುಗಿಸುತ್ತಾ ಬಂದರೆ ಒಂದು ಕಡೆ ಬಲ್ಬ್ ಹೊತ್ತಿಕೊಳ್ಳುತ್ತದೆ. ಅದೇ ಕಿಡಿಯ ಕ್ಷಣ. ಅಲ್ಲಿಯೇ ಬೋಲ್ಟ್ ಬಿಗಿದು, ಬಿಗಿಯುವಾಗ ಬಾಡಿ ಸರಿದಿಲ್ಲವೆಂದು ತಿಳಿಯಲು ಎಂಜಿನ್ನನ್ನು ಎರಡು ಪೂರ್ತಿ ಸುತ್ತು ತಿರುಗಿಸಿ, ಬಲ್ಬ್ ಮತ್ತೆ ಅದೇ ಗುರುತಿನಲ್ಲಿ ಹೊತ್ತುತ್ತದೆಯೇ ಎಂದು ನೋಡಬೇಕು. ಇಗ್ನಿಷನ್ ಆನ್ ಇಟ್ಟು ಬೇರೆ ಕೆಲಸಕ್ಕೆ ಹೋಗಬಾರದು. ಪಾಯಿಂಟ್ ಮುಚ್ಚಿದ್ದರೆ ಕಾಯಿಲ್ ಕಾದು ಕೆಡುತ್ತದೆ.

ಈಗ ರೋಟರ್ ತೋರಿಸುತ್ತಿರುವ ಕ್ಯಾಪ್‌ನ ತೂತಿಗೆ ಒಂದನೇ ಪ್ಲಗ್‌ನ ವೈರ್ ಹಾಕಿ, ಅಲ್ಲಿಂದ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ 3, 4, 2 ಎಂಬ ಕ್ರಮದಲ್ಲಿ ಉಳಿದವನ್ನು ಹಾಕಬೇಕು. ಪ್ಲಗ್ ಗ್ಯಾಪ್ 0.025 ಇಂಚು ಇರಲಿ. ಎಲೆಕ್ಟ್ರಾನಿಕ್ ಕಿಟ್ ಹಾಕಿಸಿಕೊಂಡವರಿಗೆ ಈ ಬಲ್ಬಿನ ವಿಧಾನ ಹೊಂದದಿರಬಹುದು. ಅವರು ಕಿಟ್ಟಿನ ಸೂಚನೆಯಂತೆ ನಡೆದು ಒಂದನೇ ಪ್ಲಗ್‌ನ ಕಿಡಿಯೊಂದಿಗೆ ಮಿನುಗುವ ಸ್ಟ್ರೋಬ್ ಲೈಟಿನಿಂದ ಖಚಿತಪಡಿಸಿಕೊಳ್ಳಬೇಕು.

ಮೊದಲ ಸ್ಟಾರ್ಟ್ ಮತ್ತು ಸ್ಟ್ರೋಬ್

ಪ್ಲಗ್ ಹಾಕುವ ಮೊದಲು ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸಿ ಆಯಿಲ್ ಪ್ರೆಷರ್ ಬಂದಿರುವುದನ್ನು ನೋಡಿಕೊಳ್ಳಬೇಕು. ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡುವವರು ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟು, ಹ್ಯಾಂಡಲನ್ನು ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಅಡ್ವಾನ್ಸ್ ಹೆಚ್ಚಾಗಿದ್ದರೆ ಎಂಜಿನ್ ಹಿಮ್ಮುಖವಾಗಿ ಒದೆಯುತ್ತದೆ. ಹ್ಯಾಂಡಲನ್ನು ಸುತ್ತಿ ಹಿಡಿದ ಹೆಬ್ಬೆರಳು ಅಥವಾ ಮಣಿಕಟ್ಟು ಮುರಿಯಬಹುದು.

ಕ್ಯಾಮ್‌ನ ಆ 20 ನಿಮಿಷ ಮುಗಿದು ಎಂಜಿನ್ ಬಿಸಿಯಾದ ಮೇಲೆ ಸ್ಟ್ರೋಬ್ ಹಿಡಿಯಬೇಕು. ವ್ಯಾಕ್ಯೂಮ್ ಪೈಪನ್ನು ತೆಗೆದು ಕಾರ್ಬುರೇಟರ್ ಕಡೆಯ ಬಾಯಿಯನ್ನು ಮುಚ್ಚಿ, ಐಡ್ಲಿಂಗ್ ವೇಗವನ್ನು ಸುಮಾರು 600ಕ್ಕೆ ಇಳಿಸಿ, ಗುರುತನ್ನು ನೋಡಬೇಕು. ವೇಗ ಏರಿಸಿದಾಗ ಬಿಳಿ ಗೆರೆ ಅಡ್ವಾನ್ಸ್ ಕಡೆಗೆ ನಯವಾಗಿ ಸರಿದು, ಇಳಿಸಿದಾಗ ಅದೇ ಜಾಗಕ್ಕೆ ಮರಳಬೇಕು. ಗೆರೆ ಒಂದೇ ಕಡೆ ನಿಲ್ಲದೆ ನಡುಗಿದರೆ ಬುಷ್ ಅಥವಾ ಪಾಯಿಂಟ್ ತಟ್ಟೆ ಸಡಿಲವಿದೆ. ಮರಳದಿದ್ದರೆ ತೂಕದ ತುಂಡುಗಳು ಹಿಡಿದುಕೊಂಡಿವೆ. ಸ್ಟ್ರೋಬ್ ಬೆಳಕಿನಲ್ಲಿ ಫ್ಯಾನ್ ನಿಂತಂತೆ ಅಥವಾ ನಿಧಾನವಾಗಿ ತಿರುಗುತ್ತಿರುವಂತೆ ಕಾಣುತ್ತದೆ ಎಂಬುದನ್ನು ಎಂದಿಗೂ ಮರೆಯಬಾರದು. ಲುಂಗಿ, ಶಾಲು, ಸೆರಗು, ಸಡಿಲ ತೋಳಿನ ಅಂಗಿ ಇವು ಯಾವುವೂ ಆ ಹೊತ್ತಿನಲ್ಲಿ ಬೇಡ. ಪಾಸಿಟಿವ್ ಅರ್ಥ್ ಇರುವ, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಗಾಡಿಯ ಬಾಡಿಗೆ ಸೇರಿಸಿದ, ಹಳೆಯ ಗಾಡಿಗಳಲ್ಲಿ ಸ್ಟ್ರೋಬ್‌ನ ಕ್ಲಿಪ್‌ಗಳನ್ನು ಬ್ಯಾಟರಿಯ ಗುರುತು ನೋಡಿಯೇ ಹಾಕಬೇಕು.

ರಸ್ತೆಯ ಮೇಲೆ

ಕೊನೆಯ ತೀರ್ಮಾನ ರಸ್ತೆಯದ್ದು, ಏಕೆಂದರೆ ಕೈಪಿಡಿಯ ಅಂಕಿ ಆ ಕಾಲದ ಪೆಟ್ರೋಲಿಗೆ ಮತ್ತು ಮೂಲ ಕಂಪ್ರೆಷನ್‌ಗೆ ಕೊಟ್ಟದ್ದು. ಹೆಡ್ ಫೇಸಿಂಗ್ ಮಾಡಿಸಿದ್ದರೆ, ಅಂದರೆ ಸಿಲಿಂಡರ್ ಹೆಡ್‌ನ ತಳವನ್ನು ಕೆರೆಸಿ ಸಮಮಾಡಿಸಿದ್ದರೆ, ಕಂಪ್ರೆಷನ್ ಏರಿರುತ್ತದೆ, ಆಗ ಅಡ್ವಾನ್ಸ್ ಸ್ವಲ್ಪ ಕಡಿಮೆ ಬೇಕಾಗಬಹುದು. ಎಷ್ಟು ತೆಗೆದಿದ್ದಾರೆಂದು ಲೇತ್‌ನವರಿಂದ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಈಗ ಬಂಕ್‌ಗಳಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲ್ ನಾಕಿಂಗನ್ನು (ಮಿಶ್ರಣ ತಾನಾಗಿ ಸಿಡಿದು ಉಂಟಾಗುವ ಬಡಿತವನ್ನು) ತಡೆಯುವುದರಲ್ಲಿ ಉತ್ತಮವಾದರೂ ಮಿಶ್ರಣವನ್ನು ತೆಳುವಾಗಿಸುತ್ತದೆ. ತೆಳು ಮಿಶ್ರಣದಿಂದಾಗುವ ಎಳೆತದ ಕೊರತೆಯನ್ನು ಟೈಮಿಂಗ್ ಬದಲಿಸಿ ಸರಿಪಡಿಸಲು ಹೋಗದೆ ಕಾರ್ಬುರೇಟರ್‌ನಲ್ಲಿಯೇ ಸರಿಪಡಿಸಬೇಕು.

ಬಿಸಿಯಾದ ಎಂಜಿನ್‌ನಲ್ಲಿ, ಟಾಪ್ ಗಿಯರ್‌ನಲ್ಲಿ, ಏರು ರಸ್ತೆಯಲ್ಲಿ ಕಡಿಮೆ ವೇಗದಿಂದ ಆಕ್ಸಿಲರೇಟರ್ ಒತ್ತಿದಾಗ ಗಾಜಿನ ಗೋಲಿಗಳು ಡಬ್ಬಿಯಲ್ಲಿ ಅಲುಗಿದಂತಹ ಸದ್ದು ಬಂದರೆ ಅಡ್ವಾನ್ಸ್ ಹೆಚ್ಚಾಗಿದೆ. ಆ ಸದ್ದು ನಿಲ್ಲುವವರೆಗೆ ಒಂದೊಂದೇ ಡಿಗ್ರಿ ಕಡಿಮೆ ಮಾಡಬೇಕು. ಡಿಸ್ಟ್ರಿಬ್ಯೂಟರ್‌ನಲ್ಲಿ ಎ ಮತ್ತು ಆರ್ ಗುರುತಿನ ಸಣ್ಣ ತಿರುಪು ಇದ್ದರೆ ಇದಕ್ಕಾಗಿ ಕ್ಲ್ಯಾಂಪ್ ಸಡಿಲಿಸುವ ಅಗತ್ಯವಿಲ್ಲ. ಎಳೆತವಿಲ್ಲದೆ, ನೀರು ಬೇಗ ಕಾಯುತ್ತಾ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅತಿಯಾಗಿ ಬಿಸಿಯಾಗುತ್ತಿದ್ದರೆ ರಿಟಾರ್ಡ್ ಆಗಿರುವುದನ್ನು ಶಂಕಿಸಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು ಶೇ. 10ರಷ್ಟು ಕಡಿಮೆಯಿರುವುದರಿಂದ ಎಂಜಿನ್ ಸ್ವಲ್ಪ ಹೆಚ್ಚಿನ ಅಡ್ವಾನ್ಸನ್ನು ಸದ್ದಿಲ್ಲದೆ ಸಹಿಸಿಕೊಳ್ಳುತ್ತದೆ. ಅಲ್ಲಿ ಕಿವಿಯಿಂದ ಕೇಳಿ ಅಂಚಿಗೆ ಇಟ್ಟ ಟೈಮಿಂಗ್, ಶಿರಾಡಿ ಘಾಟಿ ಇಳಿದು ಮಂಗಳೂರಿನ ಬಿಸಿಲಿನಲ್ಲಿ ಓಡುವಾಗ ನಾಕ್ ಮಾಡಬಹುದು. ಕರಾವಳಿಗೆ ಹೋಗಿಬರುವವರು ಒಂದೆರಡು ಡಿಗ್ರಿ ಕಡಿಮೆಯೇ ಇಟ್ಟುಕೊಳ್ಳುವುದು ಕ್ಷೇಮ. ಸ್ವಲ್ಪ ರಿಟಾರ್ಡ್ ಆದರೆ ಪೆಟ್ರೋಲ್ ಖರ್ಚಾಗುತ್ತದೆ, ನಾಕಿಂಗ್ ಮುಂದುವರಿದರೆ ಪಿಸ್ಟನ್ ಹೋಗುತ್ತದೆ.

ಸುಮಾರು 800 ಕಿ.ಮೀ. ಓಡಿದ ಮೇಲೆ ಟ್ಯಾಪೆಟ್ ನೋಡುವಾಗ ಟೈಮಿಂಗನ್ನೂ ಮತ್ತೊಮ್ಮೆ ನೋಡಬೇಕು. ಹೊಸ ಪಾಯಿಂಟ್‌ನ ಹಿಮ್ಮಡಿ ಮೊದಲ ಕೆಲವು ನೂರು ಕಿ.ಮೀ.ಗಳಲ್ಲಿ ಬೇಗ ಸವೆಯುವುದರಿಂದ, ಕ್ಯಾಮ್‌ಗೆ ಗ್ರೀಸ್ ಸವರಿದ್ದರೂ, ಗ್ಯಾಪ್ ಕಡಿಮೆಯಾಗಿ ಟೈಮಿಂಗ್ ಒಂದೆರಡು ಡಿಗ್ರಿ ರಿಟಾರ್ಡ್ ಆಗಿರುತ್ತದೆ. ಆಗ ಡಿಸ್ಟ್ರಿಬ್ಯೂಟರ್ ಬಾಡಿಗೆ ಕೈ ಹಾಕದೆ ಮೊದಲು ಗ್ಯಾಪನ್ನು ಮೊದಲಿನ ಅಳತೆಗೆ ತಂದು ನೋಡಬೇಕು. ಹೆಚ್ಚಿನ ಸಲ ಗುರುತು ತಾನಾಗಿಯೇ ಸರಿಯಾದ ಜಾಗಕ್ಕೆ ಬಂದಿರುತ್ತದೆ.